ದುಂಡಕ್ಷರದ ಮೇಲೊಂದು ಸಣ್ಣ ಶ್ರೀ

೭ ಜೂನ್ ೧೯೯೮, ಕೊಟ್ಟೂರು

ಶಿಶುವಿಹಾರದ ಬೋರ್ಡು ಮುಗಿಯಿತು. ಹಳದಿ ಮೇಲೆ ಕೆಂಪು, ಅಂಚಿಗೆ ಬಿಳಿ. ಅಕ್ಷರಗಳೆಲ್ಲ ಹೊಟ್ಟೆ ಉಬ್ಬಿಸಿಕೊಂಡು ಕೂತಿವೆ, ಒಂದಕ್ಕೂ ಚೂಪು ಮೂಲೆಯಿಲ್ಲ. ದಾಕ್ಷಾಯಣಮ್ಮ ಟೀಚರ್ ನಕ್ಕರು. "ಬೆನಕಪ್ಪಾರ, ಹುಡುಗ್ರು ಅಕ್ಷರದ ಗಲ್ಲ ಹಿಂಡಾಕ ಹೋಗ್ತಾವ ನೋಡ್ರಿ."

ಈ ಸ್ಟೈಲು ಎಲ್ಲಿ ಕಲಿತಿರಿ ಅಂದರು. ಹಂಗ ಬಂತ್ರಿ ಅಂದೆ. ಸುಳ್ಳು. ಹೋದ ವರ್ಷದಿಂದ ಕೈ ನಡುಗುತ್ತಿದೆ. ಗೆರೆ ಸೊಟ್ಟಗಾದಲ್ಲೆಲ್ಲ ಬಣ್ಣ ತುಂಬಿ ದಪ್ಪ ಮಾಡಿದೆ, ಮೂಲೆ ತೀಡಿ ದುಂಡಗೆ ಮಾಡಿದೆ... ಹಾಗೆ ಹುಟ್ಟಿದ್ದು. ಹೆಂಡತಿ ಜಂಬಕ್ಕನಿಗೂ ಹೇಳಿಲ್ಲ. ಗೊತ್ತಾದರೆ ಏಣಿ ಹತ್ತಲು ಬಿಡುವಳೇ? ಊರವರು ಕೆಲಸ ಕೊಟ್ಟಾರೇ?

ಅವಳು ಈಗೀಗ ಚಹಾ ಅರ್ಧ ಲೋಟವೇ ಕೊಡುತ್ತಾಳೆ. ಜಿಪುಣಿ.

೨೧ ಜೂನ್

ಐಸ್‌ಕ್ಯಾಂಡಿ ಗಾಡಿ, ಬಳೆ ಅಂಗಡಿ... ತಂಬ್ರಹಳ್ಳಿಯ ಹಿಟ್ಟಿನ ಗಿರಣಿಗೂ ದುಂಡಕ್ಷರವೇ ಬೇಕಂತೆ. ಗಿರಣಿಗ್ಯಾಕೋ ಅಂತ ಅದರ ಮಾಲೀಕನನ್ನು ಕೇಳಿದೆ. "ಹೊಟ್ಟಿ ತುಂಬಿದಂಗ ಕಾಣ್ತೈತ್ರಿ" ಅಂದ. ಇಪ್ಪತ್ತು ವರ್ಷ ನೆಟ್ಟಗೆ ಬರೆದೆ, ಆಗ ಯಾರೂ ತಿರುಗಿ ನೋಡಲಿಲ್ಲ.

೩ ಆಗಸ್ಟ್

ಹಗರಿಬೊಮ್ಮನಹಳ್ಳಿ ಪಾಲಾಕ್ಷಪ್ಪನ ಹೊಸ ಬೇಕರಿ. ಮೂರು ಶಟರ್ ಅಗಲದ ಬೋರ್ಡು. ಒಪ್ಪಿಕೊಂಡ ಮೇಲೆ ಹೇಳಿದ: ಮೇಲೆ 'ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ' ಬರಬೇಕು. "ದೇವರ ಹೆಸರು ಮಾತ್ರ ದುಂಡಗ ಬ್ಯಾಡ್ರಿ, ಕೇಕ್ ಇದ್ದಂಗ ಕಾಣ್ತೈತಿ. ಮೊದಲಿನಂಗ ಸಣ್ಣಗ ಬರೀರಿ."

ಅವನ ಮಾತು ಸರಿಯೇ. ಇಷ್ಟು ದಿನ ದೇವರ ಹೆಸರಿನ ಬದಲು ದಪ್ಪನೆಯ ಓಂ ಒಂದನ್ನು ಹಾಕಿ ಪಾರಾಗುತ್ತಿದ್ದೆ. ಸಿಕ್ಕಿಬಿದ್ದೆ.

೯ ಆಗಸ್ಟ್, ಸಂಜೆ

ಹಳೇ ತಗಡಿನ ಮೇಲೆ ಮೂರು ದಿನದಿಂದ ಶ್ರೀ ಬರೆಯುತ್ತಿದ್ದೇನೆ. ಎರೆಹುಳ ಹರಿದಾಡಿದ ಹಾಗಿದೆ. ಜಂಬಕ್ಕ ಚಹಾ ತಂದಳು. ತಗಡು ನೋಡಿದಳು. ಕೈಯಿಂದ ಬ್ರಷ್ ತೆಗೆದುಕೊಂಡು ಒಂದೇ ಎಳೆತಕ್ಕೆ ಬರೆದಳು—ಸಣ್ಣ ಶ್ರೀ, ತುದಿ ಕೂದಲೆಳೆಯಷ್ಟು. ದಿನಾ ಬಾಗಿಲಿಗೆ ರಂಗೋಲಿ ಬಿಡುವ ಕೈ.

"ನಿನಗ ಹೆಂಗ ಗೊತ್ತಾತು?"

"ಯುಗಾದಿಗೇ ನೋಡೀನಿ. ತುಂಬಿದ ಲೋಟ ಕೊಟ್ರ ಮೈಮ್ಯಾಲ ಚೆಲ್ಕೊಂತೀರಿ. ಅದಕ್ಕ ಅರ್ಧ ಕೊಡ್ತೀನಿ."

ಅತ್ತುಬಿಟ್ಟೆ. ಬರೆದಿಡುತ್ತೇನೆ, ಅತ್ತುಬಿಟ್ಟೆ.

೧೬ ಆಗಸ್ಟ್

ದುಂಡಕ್ಷರ ನಾನು ಮುಗಿಸಿದೆ. ಜಂಬಕ್ಕ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಏಣಿಯ ಒಂದು ಕಾಲು ನಾನು ಹಿಡಿದುಕೊಂಡೆ. ಬಜಾರಿನ ಮಂದಿಯೆಲ್ಲ ನಿಂತು ನೋಡಿದರು.

"ಅಕ್ಕಾರನ್ನ ಯಾಕ ಏರ್ಸೀರಿ?" ಪಾಲಾಕ್ಷಪ್ಪ ಕೇಳಿದ.

"ನನ್ನ ಕೈ ನಡಗ್ತೈತ್ರಿ. ಸಣ್ಣ ಅಕ್ಷರ ಇನ್ನ ಮ್ಯಾಲೆ ಆಕೀವು."

ಪಾಲಾಕ್ಷಪ್ಪ ನನ್ನ ಕೈಯನ್ನೇ ನೋಡಿದ. ಆಮೇಲೆ ಬಂದು ಏಣಿಯ ಇನ್ನೊಂದು ಕಾಲು ಹಿಡಿದುಕೊಂಡ.

೨ ನವೆಂಬರ್

ಮೇಲಿನ ದಿನಾಂಕ ಜಂಬಕ್ಕ ಬರೆದದ್ದು. ಪೆನ್ನೂ ಈಗ ಮಾತು ಕೇಳುತ್ತಿಲ್ಲ, ಇಷ್ಟಕ್ಕೇ ಅರ್ಧ ಗಂಟೆ ಹಿಡಿಯಿತು. "ನೀವು ಹೇಳ್ರಿ, ನಾ ಬರಿತೀನಿ. ಹಿಂದಿಂದು ಓದಂಗಿಲ್ಲ" ಅಂದಳು. ಪೆನ್ನು ಕೊಡುತ್ತಿದ್ದೇನೆ. ಮುಂದಿನದು ಅವಳ ಅಕ್ಷರ.

ಹೇಳ್ತೀನಿ ಬರಿ. ಓದು, ಅಡ್ಡಿಯಿಲ್ಲ. ಜೂನ್ ಏಳರ ಪುಟ ತಗಿ. ಜಿಪುಣಿ ಅಂತ ಬರ್ದೀನಿ. ಅದನ್ನ ಹೊಡದು ಹಾಕು. ಅಲ್ಲಿ 'ಮೈಮ್ಯಾಲ ಚೆಲ್ಲಬಾರ್ದಂತ ಅರ್ಧ ಕೊಡಾಕಿ' ಅಂತ ಬರಿ.