ಅಮ್ಮ ಒರೆಸಿದ ಗೋಡೆ

ಬಾಡಿಗೆದಾರರ ದೂರು ವಿಚಾರಿಸುವ ಕಚೇರಿಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿ ನಮ್ಮ ಮನೆಯನ್ನು ಪರಿಶೀಲಿಸಿ, “ಗೋಡೆ ಸುಸ್ಥಿತಿಯಲ್ಲಿದೆ, ದುರಸ್ತಿಯ ಅಗತ್ಯ ಕಂಡುಬಂದಿಲ್ಲ” ಎಂದು ವರದಿ ಕೊಟ್ಟು ನಮ್ಮ ದೂರನ್ನು ಮುಚ್ಚಿದೆ. ಆ ಸುಸ್ಥಿತಿಯ ಗೋಡೆಯೊಳಗೆ ಮೇಲಿನ ಮನೆಯ ಬಚ್ಚಲಿನ ಪೈಪು ಒಡೆದಿದೆ. ಗೋಡೆ ನೆನೆದು ಕಪ್ಪಗೆ ಬೂಷ್ಟು ಕಟ್ಟುತ್ತದೆ. ಅದರ ಪಕ್ಕದಲ್ಲಿ ಮಲಗುವ ನನ್ನ ಅಕ್ಕನ ಮಗುವಿಗೆ ಉಬ್ಬಸ ಹಿಡಿದಿದೆ. ಮುಚ್ಚಿದ ದೂರನ್ನು ಮತ್ತೆ ತೆರೆಯಿರಿ ಎಂದು ಕೇಳಲು ಈ ಪತ್ರ. ಇದನ್ನು ನಾಲ್ಕು ಜನರ ಮುಂದೆ ಬರೆಯಲು ಕಾರಣ ಇಷ್ಟೇ: ನಿಮಗೊಬ್ಬರಿಗೇ ಬರೆದದ್ದಕ್ಕೆ ಉತ್ತರ ಬರಲಿಲ್ಲ.

ನಿಮ್ಮ ವರಾಂಡದಲ್ಲಿ ಒಂದು ಫಲಕವಿದೆ. ಮಾಲೀಕ ಅಗತ್ಯ ರಿಪೇರಿ ಮಾಡಿಸದೆ ಮುಂದೂಡಿದರೆ ಬಾಡಿಗೆದಾರ ಏನೇನು ಮಾಡಬಹುದು ಎಂದು ಅದರಲ್ಲಿ ಬರೆದಿದೆ. ನಾನು ಶಾಲೆಯನ್ನು ಅರ್ಧಕ್ಕೆ ಬಿಟ್ಟವನು. ಆದರೂ ಅದನ್ನು ಕೊನೆಯವರೆಗೆ ಓದಿದೆ, ಯಾಕೆಂದರೆ ಸರದಿ ಉದ್ದವಿತ್ತು. ಮಾಲೀಕರಿಗೆ ಲಿಖಿತವಾಗಿ ತಿಳಿಸಬಹುದು. ನಿಮಗೆ ದೂರು ಕೊಡಬಹುದು. ರಿಪೇರಿ ಬೇಕೆಂದು ನೀವು ಒಪ್ಪಿದರೆ ನಾವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಯಾವುದೂ ಆಗದಿದ್ದರೆ ಮನೆ ಬಿಡಬಹುದು. ಬಾಡಿಗೆ ನಿಲ್ಲಿಸುವಂತಿಲ್ಲ ಎಂಬುದನ್ನು ಮಾತ್ರ ಕೆಂಪು ಬಣ್ಣದಲ್ಲಿ ಬರೆಸಿದ್ದೀರಿ. ಓದಿ ಮನಸ್ಸು ತುಂಬಿ ಬಂತು. ಇಷ್ಟೊಂದು ದಾರಿಗಳಿರುವಾಗ ಜನ ಒದ್ದೆ ಗೋಡೆಯ ಪಕ್ಕ ಯಾಕೆ ಮಲಗುತ್ತಾರೆ ಎಂದು ನನಗೇ ಆಶ್ಚರ್ಯವಾಯಿತು.

ನಮ್ಮ ಮಾಲೀಕರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ನನ್ನ ಪತ್ರ ಓದಿ ಸ್ವತಃ ಬಂದರು. ಹಳೆಯ ಗೆಳೆಯನ ಬೆನ್ನು ತಟ್ಟುವ ಹಾಗೆ ಗೋಡೆಯನ್ನು ತಟ್ಟಿದರು.

“ಇದು ಪೈಪಿನ ನೀರಲ್ಲ ತಮ್ಮಾ. ನೀವು ಮನೆ ತುಂಬ ಜನ. ಅಡುಗೆ ಹಬೆ, ಉಸಿರಿನ ಹಬೆ. ಗೋಡೆ ಬೆವರುತ್ತೆ.”

“ಹಾಗಾದ್ರೆ ಏನ್ಮಾಡೋದು ಸರ್?”

“ಕಿಟಕಿ ತೆಗೆದಿಡಿ. ಪೈಪಿನ ವಿಷಯ ಮುಂದೆ ನೋಡೋಣ. ಮಾಡ್ಸೋಣ. ನಾನೇನು ಇಲ್ಲ ಅಂದ್ನಾ?”

ಆ ಕೋಣೆಗೆ ಕಿಟಕಿಯಿಲ್ಲ. ಅಡುಗೆ ನಿಲ್ಲಿಸುವುದು ಕಷ್ಟ. ಉಳಿದದ್ದು ಉಸಿರು. ಅದನ್ನು ಕಡಿಮೆ ಮಾಡುವ ಕೆಲಸವನ್ನು ಮಗು ಆಗಲೇ ಶುರು ಮಾಡಿದೆ.

ಮನೆ ಬಿಡುವ ದಾರಿಯನ್ನೂ ನೋಡಿ ಬಂದೆ. ಬ್ರೋಕರ್ ಎರಡು ಮನೆ ತೋರಿಸಿದ. ಆಮೇಲೆ ನಮ್ಮ ಈಗಿನ ಮಾಲೀಕರಿಗೆ ಫೋನ್ ಮಾಡಿ ವಿಚಾರಿಸಿದ. “ನೀವು ಪತ್ರ ಬರೆಯೋ ಪಾರ್ಟಿ ಅಂತಲ್ಲ?” ಎಂದು ಕೇಳಿ, ಚಹಾ ಕುಡಿಸಿ, ಮರ್ಯಾದೆಯಿಂದಲೇ ಕಳಿಸಿಕೊಟ್ಟ. ಮೊದಲ ದಾರಿಯಲ್ಲಿ ಹೋದವನಿಗೆ ಕೊನೆಯ ದಾರಿ ಮುಚ್ಚಿಹೋಗುತ್ತದೆ ಎಂಬುದನ್ನು ಫಲಕದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಾದರೂ ಬರೆಸಬಹುದಿತ್ತು. ಕೆಂಪು ಬಣ್ಣ ಬೇಡ, ಯಾವುದಾದರೂ ಸಾಕು.

ಹೀಗೆ ನಿಮ್ಮ ಹತ್ತಿರ ಬಂದೆವು. ನಿಮ್ಮ ಪರಿಶೀಲಕರು ಇಂಥ ದಿನ, ಇಂಥ ಹೊತ್ತಿಗೆ ಬರುತ್ತೇವೆ ಎಂದು ಮುಂಚಿತವಾಗಿ ತಿಳಿಸಿದರು. ಅದು ಅವರ ಸೌಜನ್ಯ. ಆ ಸೌಜನ್ಯವೇ ನಮ್ಮನ್ನು ಮುಳುಗಿಸಿತು.

ಆ ದಿನ ನಾನು ಕೆಲಸಕ್ಕೆ ಹೋಗಿದ್ದೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿರುವ ಅಕ್ಕನಿಗೂ ರಜೆ ಸಿಗಲಿಲ್ಲ. ಮನೆಯಲ್ಲಿದ್ದವರು ಅಮ್ಮ ಮತ್ತು ಮಗು. ಅಧಿಕಾರಿಯೊಬ್ಬರು ಮನೆಗೆ ಬರುತ್ತಾರೆಂದರೆ ಅಮ್ಮ ಸುಮ್ಮನಿರುತ್ತಾಳೆಯೇ? ಬ್ಲೀಚಿಂಗ್ ಪುಡಿ ಕಲಸಿ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಉಜ್ಜಿದಳು. ಸುಣ್ಣ ಬಳಿದಳು. ಟೇಬಲ್ ಫ್ಯಾನ್ ತಿರುಗಿಸಿ ಒಣಗಿಸಿದಳು. ಗಾರೆ ಉಬ್ಬಿದ್ದ ಜಾಗಕ್ಕೆ ಬಟ್ಟೆಯ ಬೀರುವನ್ನು ತಳ್ಳಿ, ಅದರ ಮುಂದೆ ನಿಮ್ಮವರಿಗೆ ಕುರ್ಚಿ ಹಾಕಿದಳು.

ಸಂಜೆ ನಾನು ಬಂದು ನೋಡುತ್ತೇನೆ, ಗೋಡೆ ಮದುವೆಗೆ ಹೊರಟಂತಿದೆ.

“ಅಮ್ಮಾ, ಬೂಷ್ಟು ಎಲ್ಲಿ?”

“ತೆಗೆದೆ. ನೋಡು, ಹೇಗೆ ಹೊಳೀತಿದೆ.”

“ಅದನ್ನ ತೋರಿಸೋಕೆ ತಾನೇ ಅವರನ್ನ ಕರೆಸಿದ್ದು?”

“ಹೊರಗಿನವರು ಬಂದಾಗ ಮನೆ ಹಾಗಿದ್ರೆ ಏನಂದ್ಕೊಳ್ತಾರೆ? ಗಲೀಜು ಜನ ಅನ್ನಲ್ವಾ? ಬಾಯಲ್ಲಿ ಹೇಳಿದೀನಿ ಬಿಡು, ತುಂಬ ತೊಂದರೆ ಇದೆ ಅಂತ.”

“ಅವರೇನಂದ್ರು?”

“ಮನೆ ಬಹಳ ಚೆನ್ನಾಗಿಟ್ಕೊಂಡಿದೀರಿ ಅಂದ್ರು.”

ಅಮ್ಮನಿಗೆ ಹೆಮ್ಮೆಯಾಗಿತ್ತು. ಅಕ್ಕ ಒಲೆಯ ಕಡೆ ತಿರುಗಿಕೊಂಡಳು.

ತಪ್ಪು ನಿಮ್ಮ ಅಮ್ಮನದೇ ಅಲ್ಲವೇ ಎನ್ನುತ್ತೀರಿ. ಅವಳದೇ. ಮುಚ್ಚಿಟ್ಟು ಹೇಳುವ ಅಭ್ಯಾಸ ನನಗಿಲ್ಲ. ಆದರೆ ಒಂದು ಮಾತು. ಹಲವು ಕೆಲಸ ಹಿಡಿದು ಬಿಟ್ಟ ಮೇಲೆ ಈಗ ನಾನು ಮನೆಮನೆಗೆ ಪಾರ್ಸೆಲ್ ಮುಟ್ಟಿಸುತ್ತೇನೆ. ಹೇಳದೆ ಕೇಳದೆ ಬಾಗಿಲು ಬಡಿಯುವವನಿಗೆ ಮನೆಗಳು ಇದ್ದ ಹಾಗೆಯೇ ಕಾಣುತ್ತವೆ: ಸೋರುವ ಸೂರಿನ ಕೆಳಗೆ ಬಕೆಟ್ಟು, ಹಗ್ಗದಲ್ಲಿ ಬಿಗಿದ ಬಾಗಿಲು, ಒಡೆದ ಗಾಜಿಗೆ ತುರುಕಿದ ಟವೆಲ್ಲು. ಹೇಳಿ ಬರುವವರಿಗೆ ಕಾಣುವುದು ಕುರ್ಚಿ. ನಿಮ್ಮ ಕಚೇರಿ ಇದುವರೆಗೆ ಎಷ್ಟು ಗೋಡೆಗಳನ್ನು ಪರಿಶೀಲಿಸಿದೆಯೋ ನನಗೆ ಗೊತ್ತಿಲ್ಲ. ಹೆಂಗಸರು ಮನೆಯ ಮಾನ ಹೇಗೆ ಕಾಯುತ್ತಾರೆ ಎಂಬುದನ್ನಂತೂ ಊರೆಲ್ಲ ತಿರುಗಿ ಪರಿಶೀಲಿಸಿದೆ, ಮತ್ತು ಅದು ಸುಸ್ಥಿತಿಯಲ್ಲಿದೆ ಎಂದು ಸರಿಯಾಗಿಯೇ ಬರೆದಿದೆ.

ಬೂಷ್ಟಿನ ಫೋಟೊ ಹಿಡಿದು ನಿಮ್ಮ ಕೌಂಟರಿಗೆ ಬಂದೆ. “ಇದು ನಿಮ್ಮದೇ ಗೋಡೆ ಅಂತ ಹೇಗೆ ನಂಬೋದು?” ಎಂದರು ಗುಮಾಸ್ತರು. ನ್ಯಾಯವಾದ ಪ್ರಶ್ನೆ. ಬೂಷ್ಟು ಬೆಳೆಯುವಾಗ ವಿಳಾಸ ಬರೆದುಕೊಂಡು ಬೆಳೆಯುವುದಿಲ್ಲ. ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು, ದನಿ ತಗ್ಗಿಸಿ ಹೇಳಿದರು: “ಮತ್ತೆ ಅರ್ಜಿ ಹಾಕಪ್ಪ. ಈ ಸಲ ಒರೆಸೋಕೆ ಹೋಗ್ಬೇಡಿ. ಚೆನ್ನಾಗಿ ಬೆಳೀಲಿ, ಸಾಕ್ಷಿ ಇರುತ್ತೆ.”

ಅಮ್ಮನಿಗೆ ಹೇಳಿದೆ.

“ಸಾಕ್ಷಿ ಬೆಳೆಸೋಕೆ ಇದೇನು ತೋಟವೇನೋ?” ಎಂದಳು. “ಕೂಸು ಎಳೆದೆಳೆದು ಉಸಿರಾಡ್ತಿದೆ. ಆ ಆಫೀಸಿನವರು ತಮ್ಮ ಮಕ್ಕಳನ್ನ ತಂದು ಮಲಗಿಸಿ ಬೆಳೆಸ್ಕೊಳ್ಳಲಿ.”

ಮತ್ತೆ ಅರ್ಜಿ ಹಾಕಿ, ಅವಳ ಕೈಯಿಂದ ಒರೆಸುವ ಬಟ್ಟೆ ಕಿತ್ತುಕೊಂಡು ಬಚ್ಚಿಟ್ಟವನು ನಾನೇ. ನಿಯಮ ನಿಯಮವೇ ಎಂದುಕೊಂಡೆ. ಗೋಡೆ ನಮ್ಮನ್ನು ನಿರಾಸೆಗೊಳಿಸಲಿಲ್ಲ. ಮೊದಲು ಮೂಲೆಯಲ್ಲಿ ಕಾಣಿಸಿತು, ಆಮೇಲೆ ಹಾಸಿಗೆಯ ಮಟ್ಟಕ್ಕೆ ಇಳಿಯಿತು. ನಿಮ್ಮವರು ಬರಲಿಲ್ಲ. ಮಗು ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಹೋಗತೊಡಗಿತು. ನಾನು ಮಗುವನ್ನು ಆಸ್ಪತ್ರೆಗೆ ಒಯ್ದೆ. ಅಕ್ಕ ಒಗೆಯುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದು, ಅದೇ ಆಸ್ಪತ್ರೆಯ ಮುಂಬಾಗಿಲಿನಿಂದ ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ಮುಖಕ್ಕೆ ಮುಖವಾಡದಂಥದ್ದನ್ನು ಹಾಕಿ ಔಷಧಿಯ ಹಬೆ ಕೊಟ್ಟರು. “ಮನೆಯಲ್ಲಿ ಬೂಷ್ಟು ಇದೆಯಾ?” ಎಂದು ಡಾಕ್ಟರ್ ಕೇಳಿದರು. ಇದೆ ಎಂದೆ. “ಗೊತ್ತಿದ್ದೂ ಹಾಗೇ ಬಿಟ್ಟಿದೀರಾ?” ಎಂದರು. ಸಾಕ್ಷಿಗೆಂದು ಬಿಟ್ಟಿದ್ದೇವೆ ಎಂದು ನಿಜವನ್ನೇ ಹೇಳಿದೆ. ಅವರು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಮನೆಗೆ ಬಂದು, ಬಚ್ಚಿಟ್ಟಿದ್ದ ಬಟ್ಟೆ ತೆಗೆದು, ಗೋಡೆಯನ್ನು ನಾನೇ ಒರೆಸಿದೆ. ಸಾಕ್ಷಿ ನಾಶಕ್ಕೆ ಶಿಕ್ಷೆಯಿದ್ದರೆ ಅಮ್ಮನನ್ನು ಬಿಟ್ಟು ನನಗೆ ಕೊಡಿ. ಕೆಳಗಿನ ಟೈಲರ್ ಮಾಮ ಒಂದು ಉಪಾಯ ಹೇಳಿಕೊಟ್ಟರು: “ಅವರು ಬರೋ ದಿನ ಒಂದಿಷ್ಟು ಮಸಿ ಬಳಿದು ನೀರು ಎರಚು. ಸುಳ್ಳೇನಲ್ಲ ಕಣೋ, ಇದ್ದದ್ದನ್ನೇ ಮತ್ತೆ ತೋರಿಸೋದು.” ಮಸಿಗೆ ನಮ್ಮ ಮನೆಯಲ್ಲಿ ಬರವಿಲ್ಲ. ಆದರೆ ನಿಜವಾಗಿ ಒದ್ದೆಯಿರುವ ಗೋಡೆಗೆ ಸುಳ್ಳು ನೀರು ಎರಚುವುದು ನನ್ನ ಕೈಯಲ್ಲಿ ಆಗುವುದಿಲ್ಲ. ಮಾಮ ನನ್ನನ್ನು ಪೆದ್ದ ಎಂದರು. ಇರಬಹುದು.

ಆದ್ದರಿಂದ ಕೇಳುತ್ತಿರುವುದು ಇಷ್ಟು. ಹಳೆಯ ವರದಿಯನ್ನು ರದ್ದು ಮಾಡಿ. ಮುಂದೆ ಯಾರ ಮನೆಗೂ ಹೇಳಿ ಬರಬೇಡಿ. ನಮ್ಮಲ್ಲಿಗೆ ಬರುವಾಗ ಪ್ಲಂಬರನ್ನು ಕರೆತನ್ನಿ, ಬೀರು ಸರಿಸಿ, ಗಾರೆ ಕೆತ್ತಿ ಪೈಪು ನೋಡಿ. ಒಡೆದಿದ್ದರೆ ಮಾಲೀಕರಿಗೆ “ಮಾಡ್ಸೋಣ” ಎನ್ನಲು ಬಾರದ ಹಾಗೆ ಒಂದು ತಾರೀಖು ಬರೆದು ಕೊಡಿ. ಅಂದು ಗೋಡೆ ಬೆಳ್ಳಗೇ ಇರುತ್ತದೆ, ಈಗ ನಾವು ದಿನವೂ ಒರೆಸುತ್ತೇವೆ. ಬೆಳ್ಳಗಿದೆ ಎಂದು ಬರೆದು ಹೊರಟುಬಿಡಬೇಡಿ. ಮಗುವನ್ನು ಎತ್ತಿಕೊಳ್ಳಿ, ಯಾರ ಹತ್ತಿರವಾದರೂ ಬರುತ್ತದೆ. ಅದರ ಬೆನ್ನಿಗೆ ಕಿವಿಯಿಟ್ಟು ಕೇಳಿ. ಅಲ್ಲಿರುವುದನ್ನು ಒರೆಸಲು ಅಮ್ಮನಿಗೆ ಇನ್ನೂ ಬಂದಿಲ್ಲ.

ಇಂತಿ,
ನಿಮ್ಮ ವರದಿಯ ಪ್ರಕಾರ ಯಾವ ತೊಂದರೆಯೂ ಇಲ್ಲದ
ಒಬ್ಬ ಬಾಡಿಗೆದಾರ