ಬಂಡೆ ಮ್ಯಾಲಿನ ಕೆಂಪ ಗೆರಿ

ಹುಮನಾಬಾದ
28 ಸೆಪ್ಟೆಂಬರ್ 2025

ಪೂನಂನ ಅಪ್ಪಗ ಭೀಮಬಾಯಿಯ ಶರಣಾರ್ಥಿ.

ಹ್ಯಾಂಗ ಅದೀರಿ? ಮೊಣಕಾಲು ಇನ್ನಾ ನೋಯಾಕತ್ತದೇನು? ಕುರಿಗಳ ಗೊರಸು ಮಳಿಗೆ ಕೊಳತಿಲ್ಲ ಹೌದಲ್ರಿ? ಹೊತ್ತಿಗೆ ಸರಿಯಾಗಿ ರೊಟ್ಟಿ ತಿನ್ರಿ. ಮ್ಯಾಲೆ ಹುಮನಾಬಾದ ಅಂತ ನೋಡಿ ಹುಬ್ಬು ಏರಸಬ್ಯಾಡ್ರಿ, ಹೇಳ್ತೇನಿ. ಫೋನಿನ್ಯಾಗ ಗುಡ್ಡದ ಮಾತು ತೆಗದರ ಸಾಕು, 'ಹುಚ್ಚಿ' ಅಂದು ಇಟ್ಟಬಿಡ್ತೀರಿ. ಅದಕ್ಕ ನನ್ನ ತಮ್ಮ ಅಶೋಕನ ಕೈಯಾಗ ಈ ಕಾಗದ ಕೊಟ್ಟು, ನೀವು ಕುರಿ ಹೊಡಕೊಂಡು ಬರೂ ಹಾದಿಗೆ, ಸೋಲಾಪುರ ಬಸ್ಸಿಗೆ ಕಳಸಾಕತ್ತೇನಿ. ಅವನ ಮುಂದ ಕೂತು ಪೂರಾ ಓದ್ರಿ.

ನಮ್ಮ ಹಿತ್ತಲ ಮ್ಯಾಲಿನ ಬಂಡೆ ಬಿರುಕಿನ್ಯಾಗ ನಾಗಪ್ಪ ಅದಾನಂತ ನಿಮ್ಮ ಅವ್ವ ವರ್ಷಾ ಹಾಲೆರೀತಾರಲ್ಲ, ಈ ಪಂಚಮಿಗೆ ಓಣಿಯ ಹೆಂಗಸರೆಲ್ಲ ಕೊಡಗಟ್ಟಲೆ ನೀರೂ ಸುರದೇವು. ತುಂಬಲೇ ಇಲ್ಲ. 'ನಾಗಪ್ಪಗ ನೀರಡಿಕಿ ಭಾಳ' ಅಂತ ನಾನೂ ನಕ್ಕೆ. ಆಮ್ಯಾಗ ಅಡಗಿಮನಿ ಬಾಗಲಾ ಹಾಕಾಕ ಬರಲಿಲ್ಲ. ಕೆಳಗ ಕೆರಿ ದಂಡಿಯ ದೊಡ್ಡಿ, ನೀವು ಬಂದ ರಾತ್ರಿ ಕುರಿ ಕೂಡ ಕಂಬಳಿ ಹೊದ್ದು ಮಲಗೂ ಜಾಗಾ, ಅದರ ಗ್ವಾಡಿ ನೀರಿನ ಕಡಿ ವಾಲಿತು.

ಕಲ್ಲು-ಬಂಡೆ ಓದಿದ ಹುಡುಗಿ, ಸ್ನೇಹಲ್ ಅಂತ, ನೋಡಾಕ ಬಂದಿದ್ದಳು. 'ಇದು ಮಣ್ಣು ಕುಸಿಯೂದಲ್ಲವ್ವಾ, ಗುಡ್ಡದ ಬಂಡೆನೇ ಮೆಲ್ಲಕ ಜಾರಾಕತ್ತದ, ಕೆರಿ ನೀರಿನ ಒಳಗಿಂದೂ ಸೈತ' ಅಂದಳು. ವರ್ಷಾನುಗಟ್ಟಲೆ ಹಿಂಗ ಸರದು ಒಂದಿನ ಒಮ್ಮೆಲೆ ಹೋಗಬಹುದಂತ. ಬಿರುಕಿಗೆ ನೀರು ಮಾತ್ರ ಹಾಕಬ್ಯಾಡ್ರಿ, ಅಡ್ಡ ಒಂದು ಗೆರಿ ಎಳೀರಿ, ಅದು ಮುರದರ ಮನಿ ಬಿಡ್ರಿ ಅಂದಳು. ಕುರಿ ಗುರುತಿಗೆ ಹಚ್ಚೂ ನಿಮ್ಮ ಕೆಂಪ ಬಣ್ಣದಲೆ ಎಳದೆ. 'ನಾಗಪ್ಪ ಏನು ನಿನ್ನ ಕುರಿಯೇನ?' ಅಂತ ನಿಮ್ಮ ಅವ್ವ ಬೈದರು.

ಹೋದ ವಾರ ನೋಡಿದರ ಗೆರಿಯ ಎರಡು ತುದಿ ಕೂಡವಲ್ಲವು, ಕೆಳಗಿಂದು ಗೇಣು ಸರದಿತ್ತು. 'ನಾ ಬರೂತನಕ ಹೊಸ್ತಿಲಾ ದಾಟಬ್ಯಾಡ' ಅಂದಿದ್ರಿ. ದಾಟಿಬಿಟ್ಟೆರಿ. ನಿಮ್ಮ ಅವ್ವ ಕಂಬಾ ಹಿಡಕೊಂಡು ಕೂತರು, 'ಮಗ ಬಂದು ಹೇಳಲಿ' ಅಂತ. ಪೂನಂ, ನಾ ಕೂಡಿ ಎತ್ತಿಕೊಂಡೇ ಆಟೋದಾಗ ಕೂಡಿಸಿ ಇಲ್ಲಿ ಅಶೋಕನ ಮನಿಗೆ ತಂದಿವಿ. ಈಗ ನನ್ನ ಕೂಡ ಮಾತು ಬಿಟ್ಟಾರ. ಆದರ ಎರಡು ಹೊತ್ತು ಉಣ್ಣಾಕತ್ತಾರ, ಚಿಂತಿ ಮಾಡಬ್ಯಾಡ್ರಿ.

ಬೀರಪ್ಪ ನಿಮ್ಮನ್ನ, ಕುರಿಗಳನ್ನ ಕಾಯಲಿ. ಪೂನಂ ಅಪ್ಪಗ ಶರಣು ಹೇಳ್ಯಾಳ.

ನಿಮ್ಮ,
ಭೀಮಬಾಯಿ

ತಾ.ಕ.: ಈಗಷ್ಟೇ ನಮ್ಮ ಓಣಿಯ ಗಯಾಬಾಯಿ ಫೋನ್ ಬಂತು. ದೊಡ್ಡಿ ಕೆರಿಯಾಗ ಇಳದದಂತ. ಓಣಿ ಮಂದಿ ಸಾಲಿಯಾಗ ಅದಾರ, ಯಾರಿಗೂ ಏನೂ ಆಗಿಲ್ಲ. ನೀವು ಊರಿಗೆ ಹೊಂಟೀರಿ ಅಂತ ಗೊತ್ತದ. ಹಿಂಡಿನ ಮುಂದ ನಡಿಯೂ ನಿಮ್ಮ ಹೋತಕ್ಕ ದೊಡ್ಡಿ ಹಾದಿ ರೂಢಿ, ಕತ್ತಲಾದರೂ ಅಲ್ಲೇ ನುಗ್ಗತದ, ಹಿಂದ ಎಲ್ಲಾ ಕುರಿ, ಅವುಗಳ ಹಿಂದ ನೀವು. ಬಸವಕಲ್ಯಾಣ ಕ್ರಾಸಿನ್ಯಾಗೇ ಹೋತದ ಕೊರಳಿಗೆ ಹಗ್ಗಾ ಹಾಕ್ರಿ. ನಾ ಅಲ್ಲೇ ಬಂದು ನಿಂತಿರ್ತೇನಿ. ಹೊಸ್ತಿಲಾ ದಾಟಿದ್ದಕ್ಕ ಅಲ್ಲೇ, ಮಂದಿ ಮುಂದನೇ, ಬಾಯಿಗೆ ಬಂದಂಗ ಬೈರಿ. ಬೈಯಾಕಾದರೂ ನೀವು ಇರ್ರಿ.