ತಲೆಕೆಳಗಾದ ಏಳು

ಅಲೆಕ್ಸಾಂಡ್ರಿಯಾ
ಶುಕ್ರವಾರ, ನವೆಂಬರ್ ೮

ಪ್ರೀತಿಯ ಬಹಿಜಾ ಅಕ್ಕನಿಗೆ,

ಜುಮಾನಾಳ ಮದುವೆಯ ದಿನ ಗೊತ್ತಾಯಿತು ಎಂದಷ್ಟೇ ಬರೆದು ಮುಗಿಸುವವಳಿದ್ದೆ. ನಿನ್ನೆ ಆ ಸಂಬಂಧ ಮುರಿದೇ ಹೋಗುವುದರಲ್ಲಿತ್ತು ಎಂಬುದನ್ನು ಬಿಟ್ಟುಬಿಡುವ ಯೋಚನೆಯಿತ್ತು. ಆದರೆ ಸಂಬಂಧ ಕುದುರಿಸಿದವಳು ನೀನು. ಬೇರೆಯವರ ಬಾಯಿಂದ ಕೇಳುವುದು ಬೇಡ.

ನಿಶ್ಚಿತಾರ್ಥದ ಉಂಗುರದ ಒಳಗೆ ಎಲ್ಲರೂ ಹೆಸರು ಕೆತ್ತಿಸುತ್ತಾರೆ. ಗಣಿತ ಓದುವ ನನ್ನ ಮಗಳು ವಾಇಲ್‌ಗೆ ಕೊಟ್ಟ ಉಂಗುರದಲ್ಲಿ ೧೪೨೮೫೭ ಎಂದು ಕೆತ್ತಿಸಿದ್ದಳು. ನಿನ್ನೆ ಅವನು ಕೈತೊಳೆಯಲು ತೆಗೆದಿಟ್ಟಾಗ ಅವನ ತಾಯಿ ಇತಿದಾಲ್ ಅದನ್ನು ನೋಡಿದ್ದಾರೆ. ಸಂಜೆ ಮಗನನ್ನು ಎಳೆದುಕೊಂಡು ನಮ್ಮ ಮನೆಗೇ ಬಂದರು.

"ಹೆಸರಿರೋ ಜಾಗದಲ್ಲಿ ಅಂಕಿ! ಯಾವ ತಾಯತದವನ ಹತ್ರ ಹೋಗಿದ್ರಿ, ಬೀಗಿತ್ತಿಯವರೇ? ನನ್ನ ಮಗನ್ನ ಕಟ್ಟಿಹಾಕೋಕಾ?"

"ಅತ್ತೆ, ಮಾಟ ಅಲ್ಲ, ಲೆಕ್ಕ," ಎಂದಳು ಜುಮಾನಾ. "ಎರಡರಿಂದ ಆರರವರೆಗೆ ಯಾವುದ್ರಿಂದಾದ್ರೂ ಗುಣಿಸಿ, ಇವೇ ಅಂಕಿ ಇದೇ ಸಾಲಲ್ಲಿ ಸುತ್ತುತ್ವೆ. ಉಂಗುರಕ್ಕೆ ಮೊದಲು ಕೊನೆ ಇಲ್ವಲ್ಲ, ಹಾಗೆ."

ಇತಿದಾಲ್ ಉಂಗುರ ತಿರುಗಿಸುತ್ತಾ ಅಂಕಿಗಳನ್ನು ತಾವೇ ಕಾಗದಕ್ಕಿಳಿಸಿ ಎರಡರಿಂದ ಗುಣಿಸಿದರು. ೨೮೫೫೧೬ ಬಂತು.

"ಈ ಆರು ಯಾರಮ್ಮಾ? ಕರೀದೇ ಬಂದ ನೆಂಟನಾ? ಮಾಟದ ಜೊತೆ ಸುಳ್ಳು ಬೇರೆ! ಏಳೋ ವಾಇಲ್, ಹೋಗೋಣ."

ಜುಮಾನಾ ತನ್ನ ಬೆರಳಿನ ಉಂಗುರ ಕಳಚತೊಡಗಿದಳು.

ಆಗ ನಾನು ಕಾಗದ ಎಳೆದುಕೊಂಡೆ. ಇತಿದಾಲ್ ಬರೆಯುವ ನಡುವೆ ಉಂಗುರ ಅವರ ಕೈಯಲ್ಲಿ ಮಗುಚಿತ್ತು. ನಮ್ಮ ಅರಬ್ಬಿ ಲಿಪಿಯ ಏಳು (٧) ಬೋರಲಾದರೆ ಎಂಟು (٨), ಎಂಟು ಅಂಗಾತವಾದರೆ ಏಳು. ಅವೆರಡೂ ಅದಲುಬದಲಾಗಿ ಕಾಗದದಲ್ಲಿ ೧೪೨೭೫೮ ಆಗಿತ್ತು. ಸರಿಪಡಿಸಿ ಎರಡರಿಂದ ಗುಣಿಸಿದೆ: ೨೮೫೭೧೪. ಇತಿದಾಲ್ ಮತ್ತೆ ಕುಳಿತರು. ಮೂರರಿಂದ, ನಾಲ್ಕರಿಂದ ಗುಣಿಸಿ, ಹಠಕ್ಕೆ ಬಿದ್ದು ಏಳಕ್ಕೂ ಹೋದರು. ೯೯೯೯೯೯.

ಪೆನ್ನು ನಿಂತಿತು. "ತೊಂಬತ್ತೊಂಬತ್ತು... ದೇವರ ಹೆಸರುಗಳಷ್ಟು! ಅದೂ ಮೂರು ಸಲ! ಇದನ್ನ ಮೊದ್ಲೇ ಹೇಳೋಕೇನಾಗಿತ್ತು ಹುಡುಗೀ ನಿಂಗೆ?"

"ನೀನು ಬಾಯಿ ತೆಗೆಯೋಕೆ ಬಿಟ್ರೆ ತಾನೇ ಅಮ್ಮಾ!" ಎಂದ ವಾಇಲ್.

ನಕ್ಕು ನಕ್ಕು ಇತಿದಾಲ್‌ಗೆ ಕೆಮ್ಮು ಬಂತು. ಮದುವೆ ಜನವರಿಯ ಕೊನೆಯ ಗುರುವಾರ. ನನಗೆ ಈಗ ಉಸಿರು ಸರಾಗವಾಗಿ ಆಡುತ್ತಿದೆ.

ನಿನ್ನ ತಂಗಿ,
ಈನಾಸ್

ಇನ್ನೊಂದು ಮಾತು, ಅಕ್ಕ. ಅವರು ಬರೆಯುವಾಗಲೇ ಆ ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು. ಜುಮಾನಾ ನನ್ನ ಬಳಿಯೇ ಉಳಿದಾಳು ಎಂಬ ಆಸೆಯಿಂದಲೋ ಏನೋ, ಅವಳ ಕೈ ಉಂಗುರಕ್ಕೆ ಹೋಗುವವರೆಗೆ ಸುಮ್ಮನಿದ್ದೆ. ಕೊನೆಗೂ ಬಾಯಿಬಿಟ್ಟೆನಲ್ಲ, ಅದೇ ನೆಮ್ಮದಿ. ಈ ಸಾಲುಗಳನ್ನು ಹೊಡೆದುಹಾಕುವ ಮನಸ್ಸಾಗುವ ಮೊದಲೇ ಲಕೋಟೆ ಅಂಟಿಸಿಬಿಡುತ್ತೇನೆ. ಅಂಚೆಗೆ ಹಾಕುವುದು ಭಾನುವಾರ, ನವೆಂಬರ್ ೧೦.